ಎಡಗೈಗೊಂದು ಮಣೆ

"ಇದೇನ್ರೀ ಮಾಡಿಟ್ಟಿದ್ದೀರಾ? ಪೂರ್ತಿ ಉಲ್ಟಾ!"

ಮರದ ಪುಡಿ ಹಾರಾಡುತ್ತಿದ್ದ ಆ ಬಡಗಿ ಅಂಗಡಿಗೆ ನುಗ್ಗಿದವಳೇ ಅವಳು ತರಕಾರಿ ಹೆಚ್ಚುವ ಮಣೆಯನ್ನು ಮೇಜಿನ ಮೇಲೆ ಧಡ್ ಎಂದು ಇಟ್ಟಳು.

ಬಡಗಿ ತಲೆ ಎತ್ತಿದ. ಹುಬ್ಬಿನ ಮೇಲೂ ಮರದ ಪುಡಿ. ಬಾಯಿ ಮಾತ್ರ ಬಿಡಲಿಲ್ಲ. ಆ ಬೀದಿಯವರು ಅವನಿಗೆ 'ಮೌನಿ' ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

"ನಮ್ಮಪ್ಪನಿಗೆ ಬಲಗೈ ಸ್ವಾಧೀನ ಇಲ್ಲ ಅಂತ ಅಷ್ಟು ಬಡ್ಕೊಂಡೆ. ಎಡಗೈಲಿ ಹಿಡಿಯೋ ಹಾಗೆ ಚಾಕು ಕೂರಿಸಿ ಅಂದ್ರೆ ಬಲಗಡೆ ಕೂರಿಸಿದ್ದೀರಲ್ಲ! ಕಿವಿ ಎಲ್ಲಿಟ್ಟಿದ್ರಿ?"

ಅವನು ಗೋಡೆಗೆ ಸಿಕ್ಕಿಸಿದ್ದ ಕಾಗದವೊಂದನ್ನು ತೆಗೆದು ಅವಳ ಮುಂದಿಟ್ಟ.

"ನೀವೇ ಬರೆದುಕೊಟ್ಟ ಚಿತ್ರ."

ಅವಳು ನೋಡಿದಳು. ಇನ್ನೊಂದು ಸಲ ನೋಡಿದಳು. ಊಟದ ಮೇಜಿನ ಈಚೆ, ಅಪ್ಪನ ಎದುರು ಕೂತು ಅವಳು ಆ ಚಿತ್ರ ಬರೆದಿದ್ದಳು. ಅಪ್ಪನ ಎಡಗಡೆ ಇದ್ದದ್ದು ಅವಳ ಕಣ್ಣಿಗೆ ಬಲಗಡೆಯಾಗಿ ಕಂಡಿತ್ತು. ಹಾಗೇ ಬರೆದುಬಿಟ್ಟಿದ್ದಳು!

'ಅಯ್ಯೋ ದೇವರೇ... ತಪ್ಪು ನನ್ನದೇ!'

ಇಂಥ ಹೊತ್ತಿನಲ್ಲಿ ನೀವಾಗಿದ್ದರೆ ಕ್ಷಮೆ ಕೇಳುತ್ತಿದ್ದಿರೇನೋ. ನಮ್ಮ ಹುಡುಗಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಕ್ಷಮೆ ಮಾತ್ರ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

"ಮಾಡೋಕೆ ಮುಂಚೆ ಒಂದು ಮಾತು ಕೇಳಬೇಕಿತ್ತು ತಾನೇ?"

"ಕೇಳೋಕೆ ನೀವು ಬಿಡಬೇಕಲ್ಲ," ಎಂದ ಅವನು. ತುಟಿಯ ಅಂಚಿನಲ್ಲಿ ಸಣ್ಣ ನಗು.

ಅವಳಿಗೆ ಕಿವಿಯವರೆಗೂ ಬಿಸಿಯಾಯಿತು. ಕೋಪಕ್ಕೋ, ಇನ್ಯಾವುದಕ್ಕೋ... ಆಗ ಅವಳಿಗೂ ಗೊತ್ತಿರಲಿಲ್ಲ.

ಅವಳು ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಅಮ್ಮ ಹೋಗಿ ಬಹಳ ವರ್ಷವಾಗಿತ್ತು. ಮನೆಯಲ್ಲಿ ಅಪ್ಪ ಮತ್ತು ಅವಳು, ಇಬ್ಬರೇ. ಅಪ್ಪ ದೊಡ್ಡ ಹೋಟೆಲೊಂದರಲ್ಲಿ ಮೂವತ್ತೆರಡು ವರ್ಷ ಅಡುಗೆ ಮಾಡಿದವರು. ಅವರು ಈರುಳ್ಳಿ ಹೆಚ್ಚುವುದನ್ನು ನೋಡಲು ಮಾಣಿಗಳು ಟ್ರೇ ಹಿಡಿದುಕೊಂಡೇ ನಿಂತುಬಿಡುತ್ತಿದ್ದರಂತೆ! ಕಳೆದ ವರ್ಷ ಪಾರ್ಶ್ವವಾಯು ಹೊಡೆದು ಆ ಬಲಗೈ ಮಲಗಿತು. ಅಂದಿನಿಂದ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಒಳಗೆ ಮಾತ್ರ ಕಾಲಿಡುತ್ತಿರಲಿಲ್ಲ.

ಅದನ್ನು ನೋಡಲಾರದೆ ಅವಳ ತಲೆಯಲ್ಲಿ ಹುಟ್ಟಿದ್ದೇ ಈ ಮಣೆ. ತರಕಾರಿ ಜಾರದಂತೆ ಹಿಡಿಯಲು ಮೂರು ಸ್ಟೀಲ್ ಮೊಳೆ, ಒಂದು ತುದಿಯಲ್ಲಿ ಕೀಲು ಹಾಕಿ ಕೂರಿಸಿದ ಚಾಕು, ಅಡಿಗೆ ರಬ್ಬರ್ ಕಾಲು. ಒಂದೇ ಕೈಯಲ್ಲಿ ಏನು ಬೇಕಾದರೂ ಹೆಚ್ಚಬಹುದು.

ಎರಡನೇ ಸಲ ಬಡಗಿ ಸರಿಯಾಗಿಯೇ ಮಾಡಿದ. ಆದರೂ ಅಪ್ಪನಿಗೆ ಭುಜ ನೋಯುತ್ತಿತ್ತು. ಯಾಕೆಂದು ಕೇಳಲು ಅವಳು ಅಂಗಡಿಗೆ ಹೋದಳು. ಅಲ್ಲಿ ಅವನು ತನ್ನ ಬಲಗೈಯನ್ನು ಟವೆಲ್ಲಿನಿಂದ ಸೊಂಟಕ್ಕೆ ಬಿಗಿದುಕೊಂಡು, ಎಡಗೈಯಲ್ಲಿ ಕ್ಯಾರೆಟ್ ಹೆಚ್ಚುತ್ತಾ ನಿಂತಿದ್ದ!

"ಇದೇನು ವೇಷ?"

"ಬೆಳಿಗ್ಗೆಯಿಂದ ಹೀಗೇ ಇದ್ದೀನಿ," ಎಂದ ಅವನು ನಾಚಿಕೊಂಡು. "ಅವರ ಕಷ್ಟ ನನಗೆ ತಿಳೀಬೇಕಲ್ಲ. ಚಾಕು ಎರಡು ಬೆರಳಷ್ಟು ಎತ್ತರ ಇದೆ, ಅದಕ್ಕೇ ಭುಜ ನೋಯೋದು. ಆಮೇಲೆ... ಒಂದು ಸಹಾಯ ಮಾಡ್ತೀರಾ?"

"ಏನು?"

"ಈ ಗಂಟು ಬಿಚ್ಚಿ. ಒಂದು ಕೈಲಿ ಆಗ್ತಿಲ್ಲ."

ಅವಳು ನಕ್ಕಳು ನೋಡಿ... ಹೊಟ್ಟೆ ಹಿಡಿದುಕೊಂಡು ನಕ್ಕಳು! ಅಪ್ಪನ ಕೈ ಮಲಗಿದಾಗಿನಿಂದ ಅಷ್ಟು ನಕ್ಕಿರಲಿಲ್ಲ. ಗಂಟು ಬಿಚ್ಚುವಾಗ ಅವನ ಮುಂಗೈಯಲ್ಲಿ ಟವೆಲ್ಲಿನ ಬರೆ ಕೆಂಪಗೆ ಮೂಡಿದ್ದು ಕಂಡು ನಗು ನಿಂತಿತು. ಎದೆಯೊಳಗೆ ಏನೋ ಮೆತ್ತಗಾಯಿತು.

'ನಮ್ಮಪ್ಪನಿಗೋಸ್ಕರ ಯಾರು ಹೀಗೆ ಮಾಡ್ತಾರೆ...'

ಮಣೆ ಚೆನ್ನಾಗಿ ಬಂತು. ಇಂಥದ್ದು ಬೇಕಾದವರು ಎಷ್ಟು ಮನೆಗಳಲ್ಲಿದ್ದಾರೋ! ಆದರೆ ಮರ, ಚಾಕು, ಸ್ಟೀಲ್ ಮೊಳೆ ಎಲ್ಲ ಒಟ್ಟಿಗೆ ತರಿಸಿದರಷ್ಟೇ ಎಲ್ಲರ ಕೈಗೆಟಕುವ ಬೆಲೆಗೆ ಕೊಡಬಹುದು. ಅಷ್ಟು ದುಡ್ಡು ಇಬ್ಬರ ಹತ್ತಿರವೂ ಇರಲಿಲ್ಲ. ಅದಕ್ಕೆ ಅವಳು ಕ್ರೌಡ್‌ಫಂಡಿಂಗ್ ವೆಬ್‌ಸೈಟಿನಲ್ಲಿ ಒಂದು ಪುಟ ತೆರೆದಳು. ಮೂವತ್ತು ದಿನದೊಳಗೆ ಮುನ್ನೂರು ಜನ ಮುಂಗಡ ಕೊಟ್ಟು ಮಣೆ ಬೇಕು ಎನ್ನಬೇಕು. ಒಬ್ಬರು ಕಡಿಮೆಯಾದರೂ ಎಲ್ಲರ ದುಡ್ಡೂ ವಾಪಸ್. ಭಾನುವಾರ ಸಂಜೆ ಆರಕ್ಕೆ ಗಡುವು.

ಅವಳದ್ದು ಒಂದೇ ಷರತ್ತು.

"ಅಪ್ಪನ ಮುಖ, ಅಪ್ಪನ ಕೈ, ಯಾವುದೂ ಈ ಪುಟದಲ್ಲಿ ಬರಬಾರದು. ಜನ ಅಯ್ಯೋ ಪಾಪ ಅನ್ನೋದು ನನಗೆ ಬೇಡ."

"ಸರಿ," ಎಂದಿದ್ದ ಅವನು.

ಹಗಲೆಲ್ಲ ಅವಳು ಔಷಧಿ ಅಂಗಡಿಯಲ್ಲಿ. ಹಾಗಾಗಿ ಪುಟದ ಪಾಸ್‌ವರ್ಡನ್ನು ಅವನಿಗೂ ಕೊಟ್ಟಳು. ದಿನಾ ಸಂಜೆ ಅವನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಇಬ್ಬರೂ ಫೋನು ನೋಡುವರು. ಇವತ್ತು ಏಳು ಜನ, ಇವತ್ತು ಮೂರು, ಇವತ್ತು ಒಬ್ಬರೂ ಇಲ್ಲ... ಅವಳ ಮುಖ ಸಪ್ಪಗಾದ ದಿನ ಅವನು ಮರದ ಚೂರಿನಲ್ಲಿ ಏನಾದರೂ ಕೆತ್ತಿ ಅವಳ ಕೈಗಿಡುತ್ತಿದ್ದ. ಒಂದು ಮೀನು, ಒಂದು ಗುಬ್ಬಿ. ಮಾತಿಲ್ಲ ಕತೆಯಿಲ್ಲ. ಅವಳ ದಿಂಬಿನ ಪಕ್ಕ ಸಾಲಾಗಿ ನಿಂತ ಆ ಪ್ರಾಣಿಗಳಿಗೆ ಮಾತ್ರ ಅವಳ ಗುಟ್ಟು ಗೊತ್ತಿತ್ತು.

ಗಡುವಿಗೆ ಎರಡು ದಿನ ಉಳಿದ ಶುಕ್ರವಾರ. ಹಿಂದಿನ ಸಂಜೆ ಇನ್ನೂರ ಹನ್ನೆರಡಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಇನ್ನೂರ ನಲವತ್ತೊಂದು!

ಖುಷಿಯಿಂದ ಅವಳು ಪುಟ ತೆರೆದಳು. ಅಲ್ಲೊಂದು ಹೊಸ ವಿಡಿಯೋ. ಒತ್ತಿದಳು.

ಅಪ್ಪ!

ಮೇಜಿನ ಮೇಲೆ ಅಪ್ಪನ ಮಡಚಿಕೊಂಡ ಬಲಗೈ, ಹತ್ತಿರದಿಂದ. ಒಂದು ಟೊಮೆಟೊ ಉರುಳಿತು. ಆ ಕೈ ಅದನ್ನು ಹಿಡಿಯಲಾಗದೆ ನಡುಗಿತು. ಟೊಮೆಟೊ ನೆಲಕ್ಕೆ ಬಿತ್ತು...

ಅವಳಿಗೆ ಮುಂದೆ ನೋಡಲಾಗಲಿಲ್ಲ. ಕೌಂಟರಿನಲ್ಲಿದ್ದವರನ್ನು ಹಾಗೇ ಬಿಟ್ಟು ಅವಳು ಬಡಗಿ ಅಂಗಡಿಗೆ ಓಡಿದಳು.

"ಹೇಗೆ ಮನಸ್ಸು ಬಂತು ನಿಮಗೆ? ನಮ್ಮಪ್ಪ ಏನು ಮಾರೋ ಸರಕಾ?"

ಅವನ ಮುಖ ಬಿಳಿಚಿಕೊಂಡಿತು. "ಪೂರ್ತಿ ನೋಡಿದ್ರಾ?"

"ಹತ್ತು ಸೆಕೆಂಡ್ ಸಾಕು! ನಂಬಿ ಪಾಸ್‌ವರ್ಡ್ ಕೊಟ್ಟಿದ್ದೆ. ಇಷ್ಟೇ ತಾನೇ ನೀವು?"

"ಪೂರ್ತಿ ನೋಡಿ. ಒಂದೇ ಒಂದು ಸಲ..."

"ನಿಮ್ಮ ಮುಖ ನೋಡೋಕೂ ನನಗೆ ಇಷ್ಟ ಇಲ್ಲ!"

ಅವನ ಕಣ್ಣೆದುರೇ ವಿಡಿಯೋ ಅಳಿಸಿದಳು. ಅವನು ಏನೋ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿದ. ಯಾರಿಗೋ ಕೊಟ್ಟ ಮಾತು ಅವನ ಬಾಯಿ ಕಟ್ಟಿತ್ತು. ಅದು ಅವಳಿಗೆ ಹೇಗೆ ಗೊತ್ತಾಗಬೇಕು?

ಮನೆಗೆ ಬಂದು ಅಪ್ಪನಿಗೆ ಏನೂ ಹೇಳಲಿಲ್ಲ. ತಿಳಿದರೆ ನೊಂದುಕೊಳ್ಳುತ್ತಾರೆ ಎಂದು ಎಲ್ಲವನ್ನೂ ನುಂಗಿಕೊಂಡಳು. ಮಂಚದ ಮೇಲಿನ ಮರದ ಪ್ರಾಣಿಗಳನ್ನೆಲ್ಲ ಪೆಟ್ಟಿಗೆಗೆ ತುಂಬಿದಳು. ಆಮೇಲೆ ಪೆಟ್ಟಿಗೆ ತಬ್ಬಿಕೊಂಡು ಅತ್ತಳು. ಶನಿವಾರ ಇಡೀ ದಿನಕ್ಕೆ ಸೇರಿದವರು ಹನ್ನೊಂದೇ ಜನ.

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅಪ್ಪ ಸ್ಟೂಲಿನ ಮೇಲೆ ಕೂತಿದ್ದರು. ಎರಡು ದಿನದಿಂದ ಮಗಳ ಮುಖವನ್ನೇ ಗಮನಿಸುತ್ತಿದ್ದರು. ಏನನ್ನೋ ಕಾಯುವವರ ಹಾಗಿತ್ತು. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟರು.

"ಪುಟ್ಟಿ... ನನ್ನ ವಿಡಿಯೋ ನೋಡಿ ಜನ ಏನಂದ್ರು?"

ಅವಳ ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು.

"ನಿಮಗೆ... ಗೊತ್ತಿತ್ತಾ?"

"ಗೊತ್ತಿತ್ತಾ ಅಂದ್ರೆ? ಮಾಡು ಅಂತ ಹೇಳಿದ್ದೇ ನಾನು! ಆ ಹುಡುಗ ಆಗಲ್ಲ, ಮಗಳಿಗೆ ಮಾತು ಕೊಟ್ಟಿದ್ದೀನಿ ಅಂತ ಮೂರು ದಿನ ಸತಾಯಿಸಿದ. ಗದರಿಸಿ ಮಾಡಿಸಿದೆ. ಅವಳಾಗೇ ನೋಡಿ ಕುಣೀತಾಳೆ, ನೀನು ಬಾಯಿ ಬಿಡಬೇಡ ಅಂತ ನಾನೇ ಆಣೆ ಮಾಡಿಸಿಕೊಂಡೆ." ಅಪ್ಪನ ದನಿ ಇಳಿಯಿತು. "ಚೆನ್ನಾಗಿ ಬಂದಿಲ್ವಾ? ನೀನು ಒಂದು ಮಾತೂ ಆಡಲಿಲ್ಲ. ನನ್ನ ಕೈ ಕಂಡು ನಿನಗೆ ನಾಚಿಕೆ ಆಯ್ತೇನೋ ಅಂದ್ಕೊಂಡೆ."

ಅವಳು ತಟ್ಟೆ ಕೆಳಗಿಟ್ಟು ಅಪ್ಪನ ಮುಂದೆ ಕೂತಳು.

"ಅಪ್ಪಾ... ನಾನು ಅದನ್ನ ಅಳಿಸಿಬಿಟ್ಟೆ."

ಅಪ್ಪ ಎಡಗೈಯಿಂದ ಅವಳ ತಲೆ ಸವರಿದರು. ಬೈದಿದ್ದರೂ ತಡೆದುಕೊಳ್ಳುತ್ತಿದ್ದಳು. "ಹೋಗಮ್ಮ, ಮೊದಲು ಪೂರ್ತಿ ನೋಡ್ಕೊಂಡು ಬಾ," ಎಂದರು ಅಷ್ಟೇ.

ವಿಡಿಯೋ ಈಗ ಇದ್ದದ್ದು ಒಬ್ಬನ ಹತ್ತಿರ ಮಾತ್ರ. ಮುಖ ನೋಡಲ್ಲ ಎಂದು ಹೇಳಿ ಬಂದಿದ್ದಳಲ್ಲ, ಅವನ ಹತ್ತಿರ! ಚಪ್ಪಲಿ ಮೆಟ್ಟಿದ್ದೂ ನೆನಪಿಲ್ಲ, ಓಡಿದಳು.

ಅವನು ಅಂಗಡಿಯಲ್ಲಿ ಒಬ್ಬನೇ ಇದ್ದ. ಅವಳನ್ನು ನೋಡಿ ಕೈಯಲ್ಲಿದ್ದ ಉಳಿ ಕೆಳಗಿಟ್ಟ.

"ವಿಡಿಯೋ ತೋರಿಸ್ತೀರಾ?" ಎಂದಳು ಅವಳು. "ಪೂರ್ತಿ."

ಅವನು ಫೋನು ತೆಗೆದುಕೊಟ್ಟ. ಟೊಮೆಟೊ ನೆಲಕ್ಕೆ ಬಿದ್ದಿತು. ಆಮೇಲೆ ಅಪ್ಪ ಕ್ಯಾಮೆರಾ ಕಡೆ ತಿರುಗಿ ಕಣ್ಣು ಮಿಟುಕಿಸಿದರು!

"ನಮಸ್ಕಾರ. ಇದು ನನ್ನ ಬಲಗೈ. ಮೂವತ್ತೆರಡು ವರ್ಷ ಒಂದು ದಿನ ರಜೆ ಕೇಳಿರಲಿಲ್ಲ ಪಾಪ. ಈಗ ಎಲ್ಲಾ ಒಟ್ಟಿಗೆ ತಗೊಂಡಿದೆ."

ಎಡಗೈಯಲ್ಲಿ ಈರುಳ್ಳಿಯನ್ನು ಮೊಳೆಗೆ ಚುಚ್ಚಿದರು. ಚಾಕು ಎತ್ತಿದರು. ಟಕ್... ಟಕ್... ಟಕಟಕಟಕ! ಚಿಕ್ಕಂದಿನಲ್ಲಿ ಅವಳು ಕೇಳುತ್ತಾ ನಿದ್ದೆ ಹೋಗುತ್ತಿದ್ದ ಅದೇ ಸದ್ದು.

"ಕಣ್ಣಲ್ಲಿ ನೀರು ನೋಡಿ ಯಾರೂ ಅಯ್ಯೋ ಪಾಪ ಅನ್ನಬೇಡಿ. ಇದು ಈರುಳ್ಳಿ ಕೆಲಸ! ಈ ಮಣೆ ಮಾಡಿಸಿದ್ದು ನನ್ನ ಮಗಳು. ನನ್ನನ್ನ ಮಾತ್ರ ಯಾರಿಗೂ ತೋರಿಸಲ್ಲ ಅವಳು, ಬಚ್ಚಿಡ್ತಾಳೆ. ಪ್ರೀತಿ ಹೆಚ್ಚು, ಏನು ಮಾಡೋದು? ಆದ್ರೆ ಪುಟ್ಟಿ, ನಾನು ಅಡುಗೆಯವನು ಕಣೇ. ಹೆಚ್ಚೋದು ನಾಲ್ಕು ಜನ ನೋಡಿದ್ರೇನೇ ನನಗೆ ಕೈ ಓಡೋದು."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪನ ಮಾನ ಕಾಯುತ್ತೇನೆಂದು ಅಪ್ಪನನ್ನೇ ಸ್ಟೂಲಿಗೆ ಕಟ್ಟಿಹಾಕಿದ್ದೆನಲ್ಲ ಎಂದು ಸಂಕಟವಾಯಿತು.

"ತಪ್ಪಾಯ್ತು," ಎಂದಳು. ಗಂಟಲಲ್ಲಿ ಸಿಕ್ಕಿಕೊಳ್ಳುವ ಆ ಮಾತು ಅಂದು ತಾನಾಗೇ ಹೊರಗೆ ಬಂತು. "ನಿಮಗೆ ಏನೇನೋ ಅಂದುಬಿಟ್ಟೆ. ದಯವಿಟ್ಟು ಕ್ಷಮಿಸಿ..."

"ಮೊದಲು ಇದನ್ನ ಹಾಕೋಣ," ಎಂದ ಅವನು. "ಗಂಟೆ ನಾಲ್ಕಾಯ್ತು."

ವಿಡಿಯೋ ಮತ್ತೆ ಪುಟಕ್ಕೆ ಹೋಯಿತು. ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಐದಕ್ಕೆ ಇನ್ನೂರ ಅರವತ್ತೆಂಟು. ಐದೂವರೆಗೆ ಇನ್ನೂರ ಎಂಬತ್ತು. ಅಷ್ಟರಲ್ಲಿ ಕೋಲೂರಿಕೊಂಡು ಅಪ್ಪನೂ ಬಂದರು. ಎರಡು ಬೀದಿ ದಾಟಿ ಒಬ್ಬರೇ ನಡೆದು ಬಂದಿದ್ದರು! ಮೂವರ ಕಣ್ಣೂ ಫೋನಿನ ಮೇಲೆ. ಇನ್ನೂರ ಎಂಬತ್ತೈದು... ಎಂಬತ್ತೇಳು... ಎಂಬತ್ತೊಂಬತ್ತು...

ಆರು ಗಂಟೆ. ಪುಟ ಮುಚ್ಚಿತು.

ಹನ್ನೊಂದು ಜನ ಕಡಿಮೆ. ಎಲ್ಲರ ದುಡ್ಡೂ ವಾಪಸ್.

"ನನ್ನಿಂದ..." ಎಂದಳು ಅವಳು. "ಎರಡು ದಿನ ಅದು ಅಲ್ಲಿದ್ದಿದ್ರೆ ಆಗ್ತಿತ್ತು. ನಾನೇ ಹಾಳು ಮಾಡಿದೆ. ನಿಮ್ಮ ಕೆಲಸ, ಅಪ್ಪನ ಆಸೆ, ಎಲ್ಲಾ."

"ಹಾಳಾಯ್ತು ಅಂತ ಯಾರಂದ್ರು?" ಅಪ್ಪ ಗುಡುಗಿದರು. "ಇನ್ನೂರ ಎಂಬತ್ತೊಂಬತ್ತು ಜನ ಬೇಕು ಅಂದಿದ್ದಾರೆ. ಅವರಿಗೆಲ್ಲ ಕಾಗದ ಬರಿ. ನಾಳೇನೇ ಇನ್ನೊಂದು ಪುಟ ತೆಗಿ. ಈ ಸಲ ಮೊದಲನೇ ಫೋಟೋ ನಂದೇ! ತಲೆ ಬಾಚ್ಕೋತೀನಿ, ಹಜಾಮನ ಅಂಗಡಿ ತೆಗೆದಿದೆಯೋ ನೋಡ್ಕೊಂಡು ಬರ್ತೀನಿ."

ಹೊರಟವರು ತಿರುಗಿ ಬಡಗಿಯನ್ನು ನೋಡಿದರು. "ನೀನು ಇನ್ನೂ ಸುಮ್ನೇ ಇರ್ತೀಯೇನಪ್ಪ? ನನ್ನ ಆಣೆ ಮುಗೀತು. ಇನ್ನು ನಿನ್ನ ಬಾಯಿಗೆ ಯಾರೂ ಬೀಗ ಹಾಕಿಲ್ಲ."

ಅಪ್ಪ ಮರೆಯಾದರು. ಅವಳು ಕಣ್ಣೊರೆಸಿಕೊಂಡಳು. ಅವನು ಹುಬ್ಬಿನ ಮೇಲಿನ ಮರದ ಪುಡಿ ಒರೆಸಿಕೊಂಡ. ಗಂಟಲು ಸರಿಮಾಡಿಕೊಂಡ.

"ಶುಕ್ರವಾರ ನೀವು ಬೈದು ಹೋದ್ರಲ್ಲ... ಬೈದಿದ್ದಕ್ಕೆ ಬೇಜಾರಾಗಲಿಲ್ಲ. ಅವತ್ತು ಸಂಜೆ ಈ ಮೆಟ್ಟಿಲು ಖಾಲಿ ಇತ್ತು. ನಿನ್ನೇನೂ ಖಾಲಿ. ನನಗೆ ಕೈಕಾಲೇ ಆಡಲಿಲ್ಲ."

ಮೌನಿಯ ಬಾಯಲ್ಲಿ ಅಷ್ಟು ಮಾತು ಒಟ್ಟಿಗೆ ಬಂದದ್ದು ಅದೇ ಮೊದಲು!

"ನನಗೂ..." ಎಂದಳು. "ಪೆಟ್ಟಿಗೆ ತಬ್ಕೊಂಡು ಮಲಗಿದ್ದೆ. ಯಾವ ಪೆಟ್ಟಿಗೆ ಅಂತ ಕೇಳಬೇಡಿ."

"ಹೊಸ ಪುಟ ತೆಗೆದ್ರೆ ಮತ್ತೆ ಮೂವತ್ತು ದಿನ. ದಿನಾ ಸಂಜೆ ಬರ್ತೀರಾ?"

"ಬರೀ ಮೂವತ್ತೇ ದಿನಾನಾ?"

ಅವನಿಗೆ ಗಾಬರಿಯಾಯಿತು. "ಅದಕ್ಕಿಂತ ಹೆಚ್ಚು ದಿನ ವೆಬ್‌ಸೈಟಿನಲ್ಲಿ ಕೊಡಲ್ವಲ್ಲ..."

"ವೆಬ್‌ಸೈಟಿನ ವಿಷಯ ಯಾರು ಕೇಳಿದ್ರು?"

ಅವನಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳ ಕೈಯನ್ನು ತನ್ನ ಒರಟು ಅಂಗೈಯೊಳಗೆ ಮೆಲ್ಲನೆ ತೆಗೆದುಕೊಂಡ.

"ಹಾಗಾದ್ರೆ... ಗಡುವು ಎಷ್ಟು ದಿನ?"

"ಗಡುವು ಬೇಡ," ಎಂದಳು ಅವಳು, ಅವನ ಭುಜಕ್ಕೆ ಒರಗಿ. "ಇದಕ್ಕೆ ಗಡುವೇ ಇಡೋದು ಬೇಡ."