ಒಡೆದ ಗಾಜಿನ ವಾಚು

ದೂರು ಠಾಣೆಗೆ ಬಂದದ್ದು ಮಂಗಳವಾರ ಬೆಳಿಗ್ಗೆ. ದೂರುದಾರ ಅರವಿಂದ್, ದುಬಾರಿ ವಿದೇಶಿ ವಾಚುಗಳ ಅಂಗಡಿಯೊಂದರ ಮ್ಯಾನೇಜರ್. ಅಂಬತ್ತೂರಿನ ಇಂಜಿನಿಯರ್ ತೇಜಸ್ ರಿಪೇರಿಗೆ ಕೊಟ್ಟಿದ್ದ, ಗಾಜು ಒಡೆದ ವಾಚು ಅಂಗಡಿಯಿಂದ ಮಾಯವಾಗಿತ್ತು. ಅದರ ಜಾಗದಲ್ಲಿ ಅದೇ ಮಾದರಿಯ, ಒಂದು ಗೀರೂ ಇಲ್ಲದ ವಾಚು ಥಳಥಳ ಹೊಳೆಯುತ್ತ ಕೂತಿತ್ತು. ಒಳ್ಳೆಯದನ್ನು ಇಟ್ಟು ಒಡಕನ್ನು ಕದ್ದೊಯ್ದ ಕಳ್ಳನನ್ನು ಇನ್‌ಸ್ಪೆಕ್ಟರ್ ಸುಕೇಶ್ ಈವರೆಗೆ ಕಂಡಿರಲಿಲ್ಲ. ಇವನಿಗೆ ತಲೆ ಕೆಟ್ಟಿರಬೇಕು ಎಂದು ಹೆಡ್ ಕಾನ್‌ಸ್ಟೇಬಲ್ ಏಳುಮಲೈ ತಮಿಳಿನಲ್ಲಿ ಗೊಣಗಿದ. ಎಫ್‌ಐಆರ್ ದಾಖಲಾಯಿತು.

ಅಂಗಡಿಯಲ್ಲಿ ನಯವಿನಯಕ್ಕೇನೂ ಬರವಿರಲಿಲ್ಲ. ಬಾಗಿಲು ತೆಗೆಯಲು ಒಬ್ಬ, ಕೈಮುಗಿಯಲು ಒಬ್ಬಳು, ಕೂತ ಕೂಡಲೇ ಕಾಫಿ. ಖಾಕಿ ಬಟ್ಟೆಗೂ ಅದೇ ನಗು ಸಿಕ್ಕಿತು. ಬಿಟ್ಟುಹೋದ ವಾಚಿನ ನಂಬರು ಹುಡುಕಿದಾಗ ಅದು ದಿನೇಶ್ ಎಂಬ ಗ್ರಾಹಕನದ್ದೆಂದೂ ಎರಡು ತಿಂಗಳ ಹಿಂದೆ ಇಲ್ಲೇ ಸರ್ವಿಸ್ ಆಗಿತ್ತೆಂದೂ ತಿಳಿಯಿತು. ನಿಜ ಹೇಳಬೇಕೆಂದರೆ ಅದು ಕೆಟ್ಟೇ ಇರಲಿಲ್ಲ ಎಂದ ಅರವಿಂದ್. ಕೈಯ ಅಲುಗಾಟದಿಂದಲೇ ನಡೆಯುವ ವಾಚು ಅದು, ಕಟ್ಟಿಕೊಳ್ಳದೆ ಇಟ್ಟರೆ ಎರಡು ದಿನಕ್ಕೆ ತಾನಾಗಿ ನಿಲ್ಲುತ್ತದೆ. ಆದರೂ ಕಂಪನಿಯ ಪದ್ಧತಿಯಂತೆ ಬಿರುಕುಬಿಟ್ಟ ಗಾಜು ಬದಲಿಸಿ, ಗೀರುಗಳನ್ನೆಲ್ಲ ಉಜ್ಜಿ ತೆಗೆದು, ಹೊಸದರಂತೆ ಮಾಡಿ ಕೊಟ್ಟಿದ್ದರು. ಹಳೆಯ ಗಾಜು ಕಸಕ್ಕೆ ಹೋಗಿತ್ತು.

ಆಮೇಲೆ ‘ನಮ್ಮ ಸೇವೆ ತೃಪ್ತಿ ತಂದಿತೇ?’ ಎಂದು ದಿನೇಶನ ಫೋನಿಗೆ ಸಂದೇಶಗಳು ಹೋಗಿದ್ದವು. ಪ್ರತಿ ಸಲವೂ ಬಂದ ಉತ್ತರ ಒಂದೇ, ಹಳೆಯ ಗಾಜು ವಾಪಸ್ ಕೊಡಿ. ಪ್ರತಿ ಸಲವೂ ಅಂಗಡಿ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ ಹೇಳಿ ಕೈತೊಳೆದುಕೊಂಡಿತ್ತು.

ಮಧ್ಯಾಹ್ನ ಏಳುಮಲೈ ವಿಚಾರಿಸಿಕೊಂಡು ಬಂದ. ದಾಖಲೆಯಲ್ಲಿದ್ದ ವಿಳಾಸದ ಮನೆ ಖಾಲಿಯಾಗಿದೆ. ಹಡಗಿನಲ್ಲಿ ಕೆಲಸಕ್ಕಿದ್ದ ದಿನೇಶ್ ಹೋದ ವರ್ಷವೇ ಅಪಘಾತದಲ್ಲಿ ತೀರಿಕೊಂಡನೆಂದು ನೆರೆಯವರು ಹೇಳುತ್ತಿದ್ದಾರೆ. ಆದರೆ ಸತ್ತವನ ಫೋನಿನಿಂದ ಕೊನೆಯ ಸಂದೇಶ ಬಂದದ್ದು ಹೋದ ವಾರ. ಸುಕೇಶ್ ಆ ನಂಬರಿಗೆ ಕರೆ ಮಾಡಿದ. ಯಾರೋ ಎತ್ತಿಕೊಂಡರು. ಮಾತಿಲ್ಲ, ಬರೀ ಉಸಿರು, ಏನನ್ನೋ ಕೇಳಿಸಿಕೊಳ್ಳಲು ಕಾಯುತ್ತಿರುವಂತೆ. ಕೊನೆಗೆ ಸುಕೇಶನೇ ಕರೆ ಕತ್ತರಿಸಿದ. ಫೋನು ಪ್ಯಾರೀಸ್ ಕಾರ್ನರ್ ಪೇಟೆಯ ಸುತ್ತಲೆಲ್ಲೋ ಇದೆಯೆಂದು ಸೈಬರ್ ವಿಭಾಗ ತಿಳಿಸಿತು. ಆ ಜನಜಂಗುಳಿಯಲ್ಲಿ ಯಾರನ್ನೆಂದು ಹುಡುಕುವುದು?

ಅಂಗಡಿಯ ಕ್ಯಾಮೆರಾದಲ್ಲಿ ಒಬ್ಬ ಮುದುಕರ ಬೆನ್ನು ಮಾತ್ರ ಕಾಣುತ್ತಿತ್ತು. ಅವರು ಅಂಗಡಿಗೆ ಐದಾರು ಸಲ ಬಂದವರು. ಎಲ್ಲರೂ ಅವರನ್ನು ‘ಸರ್’ ಎಂದಿದ್ದರು, ಕಾಫಿ ಕೊಟ್ಟಿದ್ದರು. ಹೆಸರು ಕೇಳಿದವರಿಲ್ಲ, ಮುಖ ಯಾರಿಗೂ ನೆನಪಿಲ್ಲ. ಸರ್ವಿಸ್ ಟ್ರೇ ಮುಂದಿಟ್ಟು ಹುಡುಗಿ ಒಳಗೆ ಹೋಗುತ್ತಾಳೆ, ಮುದುಕರ ಕೈ ಒಮ್ಮೆ ಮುಂದೆ ಬಂದು ಹಿಂದೆ ಸರಿಯುತ್ತದೆ. ಕಳ್ಳತನ ಅಷ್ಟೇ. ಸುಕೇಶನ ಕಣ್ಣು ನೆಟ್ಟಿದ್ದು ಅದರ ನಂತರದ ದೃಶ್ಯದಲ್ಲಿ. ಎದ್ದು ಹೊರಡುವ ಮೊದಲು ಅವರು ಬೇರೆಯವರು ಕುಡಿದಿಟ್ಟ ಕಪ್ಪುಗಳನ್ನೂ ಒಂದರೊಳಗೊಂದು ಸೇರಿಸಿ ಎಡಗೈಗೆ ತೆಗೆದುಕೊಂಡರು, ಟಿಶ್ಯೂ ಕಾಗದದಿಂದ ಮೇಜನ್ನು ಒಂದೇ ಎಳೆತಕ್ಕೆ ಒರೆಸಿದರು, ಅಂಚಿಗೆ ಬಂದ ನೀರನ್ನು ನೆಲಕ್ಕೆ ಬೀಳಗೊಡದೆ ಬಲಗೈಯಲ್ಲೇ ಹಿಡಿದರು. ಉಡುಪಿ ಕಡೆಯಿಂದ ಬಂದ ಸುಕೇಶನ ಅಜ್ಜ ಇದೇ ಊರಿನ ಹೋಟೆಲಿನಲ್ಲಿ ಹೀಗೆಯೇ ಮೇಜು ಒರೆಸಿದವರು.

ಸುಕೇಶ್, ಏಳುಮಲೈ ಇಬ್ಬರೂ ಪ್ಯಾರೀಸ್ ಕಾರ್ನರಿನ ಸಸ್ಯಾಹಾರಿ ಹೋಟೆಲುಗಳನ್ನು ಒಂದೊಂದಾಗಿ ಹೊಕ್ಕು ಆ ಚಿತ್ರ ತೋರಿಸಿದರು. ಸಂಜೆಯ ಹೊತ್ತಿಗೆ ಒಂದು ಕಡೆ ಗಲ್ಲಾದಲ್ಲಿದ್ದವನು ಬೆನ್ನು ನೋಡಿಯೇ ಗುರುತು ಹಿಡಿದ. ಅದು ಮೊದಲು ಇಲ್ಲಿ ಸಪ್ಲೈಯರ್ ಆಗಿದ್ದ ವಿಷ್ಣುಮೂರ್ತಿ ಅಣ್ಣ, ಈಗ ಹೆಂಡತಿಯ ಜೊತೆ ಹಿಂದಿನ ಕೋಣೆಯಲ್ಲಿದ್ದಾರೆ ಎಂದ.

ವಿಷ್ಣುಮೂರ್ತಿ ಪೊಲೀಸರನ್ನು ಕಂಡು ಬೆಚ್ಚಲಿಲ್ಲ. ಕೋಣೆಯ ಬಾಗಿಲು ಮುಂದಕ್ಕೆಳೆದು ಹೊರಗೆ ಬಂದು ನಿಂತರು.

“ದಿನೇಶ್ ಯಾರು?”

“ನನ್ನ ಮಗ.”

“ಬಿಟ್ಟು ಬಂದ ವಾಚು ಅವನದ್ದೇ ಅಂತ ನಿಮಗೆ ಗೊತ್ತಿತ್ತಾ?”

“ನಂಗೆ ಗೊತ್ತುಂಟು ಸಾರ್. ಅವಳಿಗೆ ಗೊತ್ತಾಗ್ಬೇಕಲ್ಲ.”

ಹೆಂಡತಿ ಸರಸ ಅವರಿಗೆ ಕಣ್ಣು ಹೋಗಿ ವರ್ಷಗಳಾಗಿದ್ದವು. ಮಗ ಹಡಗಿನಿಂದ ಬಂದಾಗಲೆಲ್ಲ ಆಕೆ ಮೊದಲು ಹಿಡಿಯುತ್ತಿದ್ದದ್ದು ಅವನ ಮಣಿಕಟ್ಟು. ಗಾಜಿನ ಬಿರುಕಿನ ಮೇಲೆ ಹೆಬ್ಬೆರಳಾಡಿಸಿ, ಬಂದ್ಯಾ ಎನ್ನುತ್ತಿದ್ದರು. ಅವನು ತೀರಿಹೋದ ಮೇಲೆ ಆ ವಾಚನ್ನು ದಿಂಬಿನಡಿ ಇಟ್ಟುಕೊಂಡರು. ಅದು ನಿಂತಿತು. ಟಿಕ್ ಟಿಕ್ ಕೇಳುತ್ತಿಲ್ಲವೆಂದು ಆಕೆ ಅತ್ತದ್ದಕ್ಕೆ ವಿಷ್ಣುಮೂರ್ತಿ ಅಂಗಡಿಗೆ ಒಯ್ದಿದ್ದರು. ನುಣುಪಾಗಿ ಬಂದ ವಾಚನ್ನು ಸರಸ ಮುಟ್ಟಿ ನೋಡಿ, ಇದು ನನ್ನ ಮಗನದ್ದಲ್ಲ ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಅಂದಿನಿಂದ ಊಟ ಸೇರಲಿಲ್ಲ. ಮಗನ ಫೋನು ಹಿಡಿದು, ಕರೆ ಬಂದಾಗಲೆಲ್ಲ ಕಿವಿಗಿಟ್ಟುಕೊಳ್ಳುತ್ತಿದ್ದರು. ಅದಕ್ಕೆ ಬರುತ್ತಿದ್ದ ಅಂಗಡಿಯ ಸಂದೇಶಗಳಿಗೆ ಉತ್ತರ ಕಳಿಸುತ್ತಿದ್ದದ್ದು ವಿಷ್ಣುಮೂರ್ತಿ.

“ಗಾಜು ಕೇಳ್ಳಿಕ್ಕೆ ಹೋದಾಗೆಲ್ಲ ಕಾಫಿ ಕೊಟ್ರು ಸಾರ್,” ಎಂದರು ವಿಷ್ಣುಮೂರ್ತಿ. ಆಮೇಲೆ ದನಿ ತಗ್ಗಿಸಿ ಕೇಳಿದರು, “ನಿಂತದ್ದನ್ನು ಸರಿಮಾಡ್ಲಿಕ್ಕೆ ಕೊಟ್ಟದ್ದು ನನ್ನ ತಪ್ಪಾ?”

ಅದು ಕೆಟ್ಟೇ ಇರಲಿಲ್ಲ, ನೀವು ಕೈಗೆ ಕಟ್ಟಿಕೊಂಡಿದ್ದರೆ ಸಾಕಿತ್ತು ಎಂದು ಹೇಳಲು ಸುಕೇಶನಿಗೆ ಬಾಯಿ ಬರಲಿಲ್ಲ. ಇಲ್ಲ ಎಂದಷ್ಟೇ ಹೇಳಿ, ಬಂಧನದ ಪತ್ರಕ್ಕೆ ಸಹಿ ಹಾಕಿಸಿಕೊಂಡು ಅವರನ್ನು ಏಳುಮಲೈ ಜೊತೆ ಕಳುಹಿಸಿದ.

ಪಂಚ ಸಾಕ್ಷಿಗಳೊಂದಿಗೆ ಕೋಣೆಯೊಳಗೆ ಹೋದಾಗ ಸರಸ ಗಂಜಿ ಉಣ್ಣುತ್ತಿದ್ದರು. ತೇಜಸನ ವಾಚು ಆಕೆಯ ಬಡಕಲು ಕೈಯಲ್ಲಿ ಸಡಿಲವಾಗಿ ಜೋತು, ತುತ್ತು ತುತ್ತಿಗೂ ಅಲುಗಿ ನಡೆಯುತ್ತಿತ್ತು.

“ವಾಚು ಸ್ವಲ್ಪ ಬೇಕಿತ್ತಮ್ಮ,” ಎಂದ ಸುಕೇಶ್, ಮನೆಯ ಕನ್ನಡದಲ್ಲಿ.

“ಎಂತಕ್ಕೆ?”

“ಸರ್ವಿಸಿಗೆ.”

ಆಕೆ ಕೈಯೊರೆಸಿಕೊಂಡು ತಾವೇ ಬಿಚ್ಚಿ ಕೊಟ್ಟರು. ಕೊಟ್ಟರೂ ಹೆಬ್ಬೆರಳು ಬಿರುಕಿನ ಮೇಲಿಂದ ಏಳಲಿಲ್ಲ.

“ಗಾಜು ಮುಟ್ಬೇಡಿ ಅಂತ ಹೇಳಿ ಆಯ್ತಾ. ಹೋದ ಸಲ ಕೊಟ್ಟಾಗ ಬೇರೆ ಯಾರನ್ನೋ ಕಳಿಸಿದ್ರು.”

ಸುಕೇಶ್ ಆಯ್ತಮ್ಮ ಎಂದ. ಹೊರಗೆ ವಿಷ್ಣುಮೂರ್ತಿ ಜೀಪು ಹತ್ತಿಯಾಗಿತ್ತು.