ಕ್ಯಾಸೆಟ್ಟಿನ ಕೊನೆಯ ಮೂರು ನಿಮಿಷ

"ಈ ವರ್ಷವೂ ಶಾವಿಗೆ ಡಬ್ಬವೇನೇ?" ಎಂದಳು ಫುಸಾಯೆ ದೊಡ್ಡಮ್ಮ.

ಚಿಜುರು ಡಬ್ಬವನ್ನು ಕೌಂಟರಿನ ಮೂಲೆಗೆ ಸರಿಸಿ, ಮರಳು ಬೀಳದಂತೆ ಮೇಲೊಂದು ಟವೆಲ್ ಮುಚ್ಚಿದಳು. ಸುತ್ತಿದ ಬಿಳಿ ಉಡುಗೊರೆ ಕಾಗದದ ಮೇಲೆ ಕೆಂಪು ಬಿಳಿ ದಾರದ ಚಿತ್ರ, ಕೆಳಗೆ ಕುಂಚದಲ್ಲಿ ಬರೆದ ಅವಳ ಮನೆತನದ ಹೆಸರು.

"ಆ ಮೇಸ್ತ್ರಿ ಹಾಡು ಕೊಡ್ತಾನೆ, ನೀನು ಹಿಟ್ಟಿನ ಎಳೆ ಕೊಡ್ತೀಯ. ಚೆನ್ನಾಗಿದೆ ನಿಮ್ಮಿಬ್ಬರ ವ್ಯವಹಾರ."

"ತಗೊಂಡದ್ದಕ್ಕೆ ಏನಾದ್ರೂ ವಾಪಸ್ ಕೊಡಬೇಕಲ್ಲ ದೊಡ್ಡಮ್ಮ. ಅಮ್ಮ ಇದ್ದಿದ್ರೆ ಬೈತಿದ್ದಳು."

"ನಿಮ್ಮಮ್ಮ ಬೈದೇ ಹೋದಳು. ನೀನು ವಾಪಸ್ ಕೊಟ್ಟುಕೊಂಡೇ ಮುದುಕಿಯಾಗು."

ಸೆಪ್ಟೆಂಬರ್ ಎರಡನೇ ತಾರೀಖು. ಮಿಯುರಾ ತೀರದ ಆ ಪುಟ್ಟ ಕಡಲ ಅಂಗಡಿ ಪ್ರತಿ ವರ್ಷ ಜುಲೈ ಒಂದಕ್ಕೆ ಮರಳಿನ ಮೇಲೆ ಎದ್ದು ನಿಲ್ಲುತ್ತಿತ್ತು. ಈಜಲು ಬಂದವರಿಗೆ ಹುರಿದ ನೂಡಲ್ಸ್, ಐಸ್ ತುರಿ, ಸ್ನಾನಕ್ಕೆ ನೀರು. ಸೆಪ್ಟೆಂಬರಿನ ಮೊದಲ ವಾರ ಕಳೆಯಿತೆಂದರೆ ಮರಳಿನ ಮೇಲೆ ಒಂದು ಹಲಗೆಯೂ ಉಳಿಯಬಾರದು, ಅದು ಊರಿನ ನಿಯಮ. ಕಟ್ಟುವವನೂ ಬಿಚ್ಚುವವನೂ ಮೇಸ್ತ್ರಿ ಕುರಾಮೋಚಿ. ಕೊಲ್ಲಿಯ ಆಚೆ ದಡದಿಂದ, ಲಾರಿಯ ಸಮೇತ ಫೆರಿ ಹತ್ತಿ ಬರುತ್ತಿದ್ದ.

ಕೊಲ್ಲಿ ದೊಡ್ಡದೇನಲ್ಲ, ನಲವತ್ತು ನಿಮಿಷದ ದಾರಿ. ಆದರೆ ಕಾರಣವಿಲ್ಲದೆ ದಾಟಬೇಕೆಂದರೆ ಅದು ಸಮುದ್ರವೇ. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬೇಯಿಸಿ ಹಾಕುತ್ತ ಕಳೆಯುವ ಉಳಿದ ಹತ್ತು ತಿಂಗಳಲ್ಲಿ ಚಿಜುರು ಅದನ್ನು ಚೆನ್ನಾಗಿ ಅರಿತಿದ್ದಳು.

ಇನ್ನು ಅಂಗಡಿಯೆಂಬ ಆ ಒಂದು ಕಾರಣವೂ ಇರುವುದಿಲ್ಲ. ದೊಡ್ಡಮ್ಮನ ಮೊಣಕಾಲು ಸೋತಿತ್ತು. ಮುಂದಿನ ವರ್ಷದ ಪರವಾನಗಿ ಬೇಡವೆಂದು ಊರಿನ ಕಚೇರಿಗೆ ಬರೆದುಕೊಟ್ಟಾಗಿತ್ತು. ಕುರಾಮೋಚಿಗೆ ಅದನ್ನು ಹೇಳಬೇಕಾದವಳು ಚಿಜುರು. ಹೇಳಿದಮೇಲೆ ಅವನು ಒಮ್ಮೆ ತಲೆಬಾಗಿ ವಂದಿಸಿ ಹೊರಟುಹೋಗುತ್ತಾನೆ ಎಂಬುದೇ ಅವಳ ಹೆದರಿಕೆ.

ಅವನು ಎಂಟು ಗಂಟೆಗೇ ಬಂದ. ನಾಳೆ ಚಂಡಮಾರುತವಂತೆ. ನಾಲ್ಕು ದಿನದ ಕೆಲಸ ಒಂದೇ ದಿನದಲ್ಲಿ ಮುಗಿಯಬೇಕು. ಸಹಾಯಕ್ಕಿದ್ದ ಇಬ್ಬರು ಆಳುಗಳು ಆಗಲೇ ಚಾವಣಿ ಏರಿದ್ದರು.

"ನಾಳೆ ಫೆರಿ ಇಲ್ಲ. ಇವತ್ತು ನಾಲ್ಕೂಕಾಲಿನದೇ ಕಡೇದು," ಎಂದ ಕುರಾಮೋಚಿ, ಮಳೆಯ ವಿಷಯ ಮಾತಾಡುವವನ ಹಾಗೆ.

"ಹಾಗಾದ್ರೆ ಈ ಸಲ ಐಸ್ ಇಲ್ಲ. ನಿಮ್ಮ ಹಸಿರು ನಾಲಿಗೆ ನೋಡೋ ಭಾಗ್ಯ ನಮಗಿಲ್ಲ," ಎಂದಳು ಚಿಜುರು.

ಭಾನುವಾರಗಳಂದು ಅವನು ಬಂದು ಮೂಲೆಯ ಚಾಪೆಯಲ್ಲಿ ಕೂತು, ಹಸಿರು ಸಿರಪ್ ಹಾಕಿದ ಐಸ್ ತಿನ್ನುತ್ತ ಹಾಡು ಕೇಳುತ್ತಿದ್ದ. ಕಂಬಗಳು ಗಟ್ಟಿ ಇವೆಯೇ ನೋಡಲು ಬಂದೆ ಎನ್ನುತ್ತಿದ್ದ. ಕಂಬದ ಕಡೆ ನೋಡಿದ್ದನ್ನು ಚಿಜುರು ಕಂಡಿರಲಿಲ್ಲ. ತಾನು ಅತ್ತ ತಿರುಗಿದಾಗಲೆಲ್ಲ ಅವನ ಕಣ್ಣು ತಟ್ಟೆಗೆ ಇಳಿದಿರುತ್ತಿತ್ತು. ಕಿವಿಗಳು ಮಾತ್ರ ಕೆಂಪು.

"ಹಸಿರು ಬೇಗ ಹೋಗುತ್ತೆ," ಎಂದ ಅವನು, ಗಂಭೀರವಾಗಿ.

"ಭಾನುವಾರದ್ದು ಬುಧವಾರಕ್ಕೆ ಹೋಗುತ್ತಾ?"

"ಮಂಗಳವಾರಕ್ಕೆ."

ದೊಡ್ಡಮ್ಮ ನಕ್ಕು ಟೇಪ್ ರೆಕಾರ್ಡರಿನ ಗುಂಡಿ ಒತ್ತಿದಳು. ಈ ವರ್ಷದ ಕ್ಯಾಸೆಟ್. ಕುರಾಮೋಚಿಯ ಅಪ್ಪನ ರೆಕಾರ್ಡುಗಳಿಂದ ಆಯ್ದ, ಎಂಬತ್ತರ ದಶಕದ ಬೇಸಿಗೆ ಹಾಡುಗಳು. ಸೋಡಾದ ಗುಳ್ಳೆಗಳಂತೆ ಕೀಬೋರ್ಡ್, ಅದರ ಹಿಂದೆಯೇ ಬರುವ ಹಿತ್ತಾಳೆ ವಾದ್ಯ. ಕಡಲ ಪಕ್ಕದ ರಸ್ತೆ, ತೆರೆದ ಕಾರು, ಯಾರೋ ಬಿಟ್ಟುಹೋದ ಒಂದು ಆಗಸ್ಟ್. ಆ ಕಾಲದ ಹಾಡುಗಳಿಗೆ ಒಂದು ಚಟ, ಇನ್ನೂ ಮುಗಿಯದ ಬೇಸಿಗೆಯನ್ನೇ ನೆನೆದು ಕೊರಗುವುದು. ಅವು ಬಂದಾಗ ಚಿಜುರು ತೊಟ್ಟಿಲಲ್ಲಿದ್ದಳು. ಆದರೂ ಕೇಳಿದಾಗಲೆಲ್ಲ ಏನೋ ಕಳೆದುಕೊಂಡಂತೆ ಅನಿಸುತ್ತಿತ್ತು. ಇಪ್ಪತ್ತರ ಹುಡುಗಿಯರೂ ಈಜುಡುಗೆಯಲ್ಲೇ ಓಡಿ ಬಂದು "ಅಕ್ಕಾ, ಇದು ಯಾರ ಹಾಡು?" ಎಂದು ಕೇಳುತ್ತಿದ್ದರು.

ಪ್ರತಿ ಕ್ಯಾಸೆಟ್ಟಿನ ಮೇಲೂ ಅವನು ಬರೆಯುತ್ತಿದ್ದದ್ದು ಒಂದೇ: 'ಅಂಗಡಿಗೆ'. ಅವಳಿಗೆ ಎಂದು ಬರೆದಿರಲಿಲ್ಲ, ಒಮ್ಮೆಯೂ.

ಮಧ್ಯಾಹ್ನದ ಹೊತ್ತಿಗೆ ಚಾವಣಿ ಇಳಿಯಿತು. ಕುರಾಮೋಚಿ ಸೀಮೆಸುಣ್ಣ ತೆಗೆದು, ಕಳಚಿದ ಹಲಗೆಗಳ ಹಿಂದೆ ಗುರುತು ಹಾಕತೊಡಗಿದ. ಎಡಗೋಡೆ ಒಂದು. ಎಡಗೋಡೆ ಎರಡು. ಮುಂದಿನ ವರ್ಷ ಜೋಡಿಸುವಾಗ ತಪ್ಪಬಾರದಲ್ಲ.

"ಕುರಾಮೋಚಿಯವರೇ," ಎಂದಳು ಚಿಜುರು. "ನಂಬರ್ ಬೇಡ."

ಅವನ ಕೈ ನಿಂತಿತು.

"ಮುಂದಿನ ವರ್ಷ ಕಟ್ಟಲ್ಲ. ದೊಡ್ಡಮ್ಮನಿಗೆ ಆಗ್ತಿಲ್ಲ. ಮೊದಲೇ ಹೇಳಬೇಕಿತ್ತು. ಕ್ಷಮಿಸಿ."

ಎಡಗೋಡೆ ಏಳು ಎಂದು ಬರೆಯಲು ಹೊರಟವನು ಅರ್ಧ ಗೆರೆ ಎಳೆದಿದ್ದ. ಅದನ್ನು ಹೆಬ್ಬೆರಳಿನಿಂದ ಒರೆಸಿದ. ಆಮೇಲೆ ಹಲಗೆಯ ಒಂದು ತುದಿ ಎತ್ತಿ ಅವಳ ಕಡೆ ನೋಡಿದ. ಅವಳು ಇನ್ನೊಂದು ತುದಿ ಹಿಡಿದಳು. ಇಬ್ಬರೂ ಲಾರಿಯ ಕಡೆ ನಡೆದರು.

ಅಷ್ಟರಲ್ಲಿ, ಬೆಳಗಿನಿಂದ ತಿರುಗಿಸಿ ತಿರುಗಿಸಿ ಹಾಕುತ್ತಿದ್ದ ಕ್ಯಾಸೆಟ್ಟಿನ ಮೊದಲ ಬದಿಯ ಕೊನೆಯ ಹಾಡು ಮತ್ತೆ ಮುಗಿಯಿತು. ಐದು ಹಾಡು ತುಂಬಿದ ಮೇಲೆ ಮೂರು ನಿಮಿಷದ ಖಾಲಿ ಟೇಪ್ ಉಳಿಯುತ್ತಿತ್ತು. ಅಂಗಡಿಯಲ್ಲಿ ಮೌನ ಒಳ್ಳೆಯದಲ್ಲವೆಂದು ಚಿಜುರು ಹಾಡು ಮುಗಿದ ಕೂಡಲೇ ಬದಿ ತಿರುಗಿಸುತ್ತಿದ್ದಳು. ಏಳು ಬೇಸಿಗೆಯೂ ಹಾಗೆಯೇ. ಈಗ ಮಾತ್ರ ಎರಡೂ ಕೈಯಲ್ಲಿ ಹಲಗೆ.

ಓಡುತ್ತಿದ್ದ ಟೇಪಿನೊಳಗೆ ಏನೋ ಖಟ್ ಎಂದಿತು. ಆಮೇಲೆ ಯಾರೋ ಉಸಿರೆಳೆದುಕೊಂಡ ಸದ್ದು. ದೂರದಲ್ಲೊಂದು ಜೀರುಂಡೆ. ಕುರ್ಚಿ ಕಿರುಗುಟ್ಟಿತು. ಗಂಟಲು ಸರಿಮಾಡಿಕೊಂಡರು ಯಾರೋ. ಮತ್ತೆ ಉಸಿರು.

ಹಲಗೆಯ ಆ ತುದಿಯಲ್ಲಿ ಕುರಾಮೋಚಿ ಕಲ್ಲಾಗಿದ್ದ.

"ಇದೇನು?"

"ಖಾಲಿ ಜಾಗ."

"ಖಾಲಿ ಜಾಗ ಉಸಿರಾಡುತ್ತಾ?"

ಅವನು ಮರಳು ನೋಡಿದ. "ಹೇಳೋಣ ಅಂತ ಮೈಕ್ ಹಚ್ಚಿದೆ. ಬರಲಿಲ್ಲ."

"ಈ ವರ್ಷ?"

"ಎಲ್ಲಾ ವರ್ಷವೂ. ಎರಡನೇ ವರ್ಷದ್ದರಲ್ಲಿ ಕೆಮ್ಮಿದ್ದೀನಿ."

ನಗು ಬಂತು ಅವಳಿಗೆ, ಅದರ ಬೆನ್ನಿಗೇ ಅಳು. ಹಲಗೆ ಭಾರವಾಗಿತ್ತು. ಇಬ್ಬರಿಗೂ ಅದನ್ನು ಕೆಳಗಿಡಬೇಕೆಂದು ಹೊಳೆಯಲಿಲ್ಲ.

"ಇಲ್ಲೇ ಇರ್ತಿದ್ದೆನಲ್ಲ, ಪ್ರತಿ ಭಾನುವಾರ. ಎದುರಿಗೇ ಹೇಳಬಾರದಿತ್ತಾ?"

"ಹೇಳಬೇಕು ಅಂತಲೇ ಬರ್ತಿದ್ದೆ. ಆದರೆ ಮೊದಲನೇ ವರ್ಷವೇ ನಿಮ್ಮ ಶಾವಿಗೆ ಬಂತಲ್ಲ. ಕಾಗದ ಸುತ್ತಿ, ಮನೆತನದ ಹೆಸರು ಬರೆದು. ಕ್ಯಾಸೆಟ್ ಕೊಟ್ಟವನಿಗೆ ಸರಿಯಾಗಿ ತೂಗಿದ ಹಾಗೆ. ನಿನ್ನ ಋಣ ಬೇಡಪ್ಪಾ, ದೂರ ಇರು ಅಂದ ಹಾಗಿತ್ತು."

"ದೂರ ಇರು?" ಅವಳ ದನಿ ಏರಿತು. "ಎರಡು ವರ್ಷ ಮಾಗಿಸಿದ ದುಬಾರಿ ಶಾವಿಗೆ ರೀ ಅದು! ಅದಕ್ಕೋಸ್ಕರ ಯೊಕೊಹಾಮಾವರೆಗೆ ಹೋಗ್ತೀನಿ. ಹೆಸರು ನೆಟ್ಟಗೆ ಬರಲಿ ಅಂತ ಈ ಸಲ ಹನ್ನೊಂದು ಕಾಗದ ಹಾಳು ಮಾಡಿದೀನಿ. ತಿಂದಿರೋ ಇಲ್ವೋ ಅದನ್ನ?"

"ತಿಂದೆ. ಒಬ್ಬನೇ. ಬಹಳ ಚೆನ್ನಾಗಿತ್ತು. ಅದಕ್ಕೇ ಇನ್ನೂ ಬೇಜಾರಾಗ್ತಿತ್ತು."

ಟೇಪ್ ಖಟ್ ಎಂದು ನಿಂತಿತು. ಅಲೆಗಳು ದೊಡ್ಡದಾಗುತ್ತಿದ್ದವು. ತಾನು ಪ್ರತಿ ಸೆಪ್ಟೆಂಬರಿನಲ್ಲೂ ಡಬ್ಬವನ್ನು ಎರಡು ಕೈಯಲ್ಲಿ ಹಿಡಿದು, ತಲೆಬಾಗಿ, ಒಂದು ಬಾಗಿಲು ಹಾಕಿ ಬಂದೆನೇ ಎಂದುಕೊಂಡಳು ಚಿಜುರು. ಕಲಿತ ಮರ್ಯಾದೆ ಅವಳ ಬಾಯಿಯನ್ನೂ ಕಟ್ಟಿತ್ತು, ಅವನ ಬಾಯಿಯನ್ನೂ. ಇಬ್ಬರಲ್ಲಿ ಯಾರೂ ತಪ್ಪು ಮಾಡಿರಲಿಲ್ಲ. ಏಳು ವರ್ಷ ಮಾತ್ರ ಹೋಗಿತ್ತು.

"ದೊಡ್ಡಮ್ಮಾ," ಅವಳು ತಿರುಗದೆಯೇ ಕೂಗಿದಳು. "ಆ ಡಬ್ಬ ನೀವೇ ಇಟ್ಕೊಳ್ಳಿ. ಈ ವರ್ಷ ನಾನು ಏನೂ ವಾಪಸ್ ಕೊಡಲ್ಲ."

"ಆಗಲೇ ಚೀಲಕ್ಕೆ ಹಾಕಿಕೊಂಡೆ," ಎಂದು ಉತ್ತರ ಬಂತು.

ಕುರಾಮೋಚಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕೊಟ್ಟದ್ದನ್ನು ಸುಮ್ಮನೆ ಇಟ್ಟುಕೊಳ್ಳುವವರು ಮನೆಯವರು ಮಾತ್ರ. ಅವನ ಕಿವಿಗಳಿಂದ ಶುರುವಾದ ಕೆಂಪು ಕತ್ತಿನವರೆಗೂ ಇಳಿಯಿತು.

"ಚಿಜುರು ಅವರೇ."

"ಹ್ಞೂಂ."

"ಇಷ್ಟ. ನೀವು."

"ಮೈಕ್ ಇಲ್ಲದಿದ್ರೆ ಬರುತ್ತೆ ನೋಡಿ."

ಮೂರೂವರೆಗೆ ಮರಳು ಬರಿದಾಯಿತು. ಆಳುಗಳು ತಮ್ಮ ಗಾಡಿಯಲ್ಲಿ ಮುಂದೆ ಹೋದರು. ಕುರಾಮೋಚಿ ಲಾರಿಯ ಹಗ್ಗ ಬಿಗಿದು, ಬಿಗಿದ ಹಗ್ಗವನ್ನೇ ಮತ್ತೆ ಬಿಗಿದ.

"ಹಲಗೆ ಇಳಿಸೋಕೆ ಇನ್ನೊಂದು ಜೊತೆ ಕೈ ಇದ್ದಿದ್ರೆ..."

"ಕೂಲಿಗೆ ಕರೀತಿದ್ದೀರಾ?"

"ಅಲ್ಲ! ಮನೇಲಿ ಅಮ್ಮ ಇದಾರೆ. ಊಟ ಮಾಡ್ಕೊಂಡು ಹೋಗಬಹುದು ಅಂತ. ವಾಪಸ್ ಬರೋಕೆ ಫೆರಿ ಇರಲ್ಲ, ಆದರೆ ರೈಲಿದೆ. ಕೊಲ್ಲಿ ಸುತ್ತಿ ಬರಬೇಕು. ಬಹಳ ಹೊತ್ತು ಹಿಡಿಯುತ್ತೆ. ಬೇಡ ಅಂದ್ರೆ..."

"ಹತ್ತೇ ಹುಡುಗಿ," ಎಂದಳು ದೊಡ್ಡಮ್ಮ. "ಇವನು ಮಾತು ಮುಗಿಸೋದರೊಳಗೆ ಚಂಡಮಾರುತ ಬರುತ್ತೆ."

ಫೆರಿಯ ಮೇಲಿನ ಅಟ್ಟದಲ್ಲಿ ಗಾಳಿ ಜೋರಾಗಿತ್ತು. ಇಬ್ಬರೂ ಕಂಬಿ ಹಿಡಿದು ನಿಂತರು, ತೋಳಿಗೆ ತೋಳು ತಾಗಿಸಿ. ಅಂಗಡಿಯಿದ್ದ ತೀರ ಹಿಂದೆ ಸರಿದು ಮಂಜಿನಲ್ಲಿ ಕಾಣದಾಯಿತು. ಆಚೆ ದಡದ ಗುಡ್ಡ ಇನ್ನೂ ಕಂಡಿರಲಿಲ್ಲ.

"ಮುಂದಿನ ಬೇಸಿಗೆ," ಎಂದು ಶುರುಮಾಡಿದ ಅವನು. ಗಂಟಲು ಸರಿಮಾಡಿಕೊಂಡ. "ಅಂಗಡಿ ಇಲ್ಲದಿದ್ರೂ, ನಾನು ನಿಮ್ಮ ಊರಿಗೆ ಬರಬಹುದಾ?"

ಹಾರುತ್ತಿದ್ದ ಕೂದಲನ್ನು ಒಂದು ಕೈಯಲ್ಲಿ ಹಿಡಿದು ಚಿಜುರು ಅವನ ಕಡೆ ತಿರುಗಿದಳು. ಈ ಸಲ ಅವನ ಕಣ್ಣು ಕೆಳಗಿಳಿಯಲಿಲ್ಲ.

"ಬೇಸಿಗೆ ಯಾಕೆ?" ಎಂದಳು. "ಶನಿವಾರ ನನಗೆ ರಜೆ."