ಸತ್ತ ತೊಟ್ಟಿ

2023ರ ಸೆಪ್ಟೆಂಬರ್ 11, ಸೋಮವಾರ. ಬೆಳಿಗ್ಗೆ 9.40ಕ್ಕೆ ಹಂಗಳದ ಸಣ್ಣತಾಯಮ್ಮ ಗುಂಡ್ಲುಪೇಟೆಯ ಠಾಣೆಗೆ ಬಂದಾಗ ಅವಳ ಕೈಯಲ್ಲಿ ದೂರಿನ ಅರ್ಜಿ ಇರಲಿಲ್ಲ. ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಿದ್ದ ಬೆಳ್ಳಿಯ ಉಡುದಾರವೊಂದನ್ನು ಬಿಚ್ಚಿ ಇನ್‌ಸ್ಪೆಕ್ಟರ್ ಕಾವ್ಯಶ್ರೀಯ ಮೇಜಿನ ಮೇಲಿಟ್ಟಳು. ಬೆಳ್ಳಿ ಹೆಂಚಿನ ಮಸಿಯಂತೆ ಕಪ್ಪಗಿತ್ತು.

“ನಮ್ ಯಜಮಾನ್ರದು ಕಣವ್ವ. ನೆನ್ನೆ ಬೆಳುಗ್ಗೆ ಬೆಳ್ಳಗಿತ್ತು. ಬಾವಿಗಿಳುದ್ ಮೇಲೆ ಇಂಗಾಯ್ತು.”

“ಯಾರ ಬಾವಿ?”

“ನಮ್ದೇಯ. ಮೋಟ್ರು ಕೆಟ್ಟು ಎಂಟು ದಿವ್ಸ ಆಗಿತ್ತು. ಎತ್ತಿ ರಿಪೇರಿ ಮಾಡ್ಸನ ಅಂತ ಅಗ್ಗ ಇಡ್ಕಂಡು ಇಳುದ್ರು. ಅರ್ಧಕ್ಕೋಗಿ ‘ಅದೇನೋ ನಾತ ಕಣಮ್ಮಿ’ ಅಂದ್ರು. ಅಷ್ಟೇಯ. ಕೈ ಬುಟ್‌ಬುಟ್ರು.”

ಪಕ್ಕದ ಹೊಲದವರು ಓಡಿಬಂದು ಕೊಕ್ಕೆ ಹಾಕಿ ಅವಳ ಗಂಡ ಲಿಂಗಯ್ಯನನ್ನು ಮೇಲೆಳೆದಿದ್ದರು. ಈಗ ಅವನು ಚಾಮರಾಜನಗರದ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಮೇಲಿದ್ದ. ಪ್ರಜ್ಞೆ ಬಂದಿರಲಿಲ್ಲ.

ಹೆಡ್ ಕಾನ್‌ಸ್ಟೆಬಲ್ ಗುರುಪಾದಸ್ವಾಮಿ ಕೆಮ್ಮಿದರು. ಇಪ್ಪತ್ತೆಂಟು ವರ್ಷ ಸರ್ವೀಸು ಮುಗಿಸಿದ್ದವರು. “ಮೇಡಂ, ಹಳೇ ಬಾವಿಲಿ ಗಾಳಿ ಕೆಟ್ಟಿರುತ್ತೆ. ಆಕಸ್ಮಿಕ ಅಂತ ಬರ್ಕೊಂಡ್ರೆ ಆಗಲ್ವಾ?”

“ಬರೀ ಗಾಳಿ ಕೆಟ್ರೆ ಬೆಳ್ಳಿ ಕಪ್ಪಾಗುತ್ತಾ?”

“ಗೊತ್ತಿಲ್ಲ ಮೇಡಂ.”

“ನನಗೂ ಗೊತ್ತಿಲ್ಲ. ಗೊತ್ತಿರೋರನ್ನ ಕೇಳೋಣ. ಮೊದಲು ಎಫ್‌ಐಆರ್ ಮಾಡಿ.”

ಸಣ್ಣತಾಯಮ್ಮನ ಹೇಳಿಕೆಯನ್ನು ಬರೆದು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿಕೊಂಡರು. ಮೊಕದ್ದಮೆ ಸಂಖ್ಯೆ 214/2023. ಭಾರತೀಯ ದಂಡ ಸಂಹಿತೆ ಕಲಂ 284, 338. ವಿಷವಸ್ತುವಿನ ವಿಷಯದಲ್ಲಿ ನಿರ್ಲಕ್ಷ್ಯ, ಅದರಿಂದ ತೀವ್ರ ಗಾಯ. ಆರೋಪಿ: ಅಪರಿಚಿತರು.

ಮಧ್ಯಾಹ್ನ 12.15ಕ್ಕೆ ಬಾವಿಯ ಬಳಿ ಪಂಚನಾಮೆ ಶುರುವಾಯಿತು. ಅಗ್ನಿಶಾಮಕ ದಳದವನು ಅನಿಲ ಅಳೆಯುವ ಯಂತ್ರವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಇಪ್ಪತ್ತು ಅಡಿ ದಾಟುವಷ್ಟರಲ್ಲಿ ಅದು ಕಿರುಚತೊಡಗಿತು. ನೀರು ಬೆಲ್ಲ ಕರಗಿಸಿದ ಬಣ್ಣಕ್ಕಿತ್ತು. ಮೇಲಕ್ಕೆ ಬಂದ ಕೊಡದಿಂದ ಎರಡು ವಾಸನೆ: ಹುಳಿ ಮಿತಿಮೀರಿದ ದೋಸೆಹಿಟ್ಟಿನದು, ಅದರ ಹಿಂದೆಯೇ ಕೊಳೆತ ಮೊಟ್ಟೆಯದು. ಆರು ಬಾಟಲಿ ತುಂಬಿ ಅರಗು ಹಾಕಿದರು. ಮೂರು ಮೈಸೂರಿನ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಮೂರು ಸಿಂಧುವಿಗೆ.

ಸಿಂಧು ಚಾಮರಾಜನಗರದ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿ ವಿಜ್ಞಾನ ಕಲಿಸುವವಳು. ತಜ್ಞೆಯಾಗಿ ನೆರವಾಗಲು ಒಪ್ಪಿದ್ದಳು. ಮಂಗಳವಾರ ಸಂಜೆ 4 ಗಂಟೆಗೆ ಅವಳ ಪ್ರಯೋಗಾಲಯದಲ್ಲಿ ಕಾವ್ಯಶ್ರೀ ನೋಟ್‌ಬುಕ್ ತೆರೆದಳು.

“ನಾನು ಓದಿದ್ದು ಬಿ.ಕಾಂ. ನ್ಯಾಯಾಧೀಶರಿಗೆ ಹೇಳೋ ಹಾಗೆ ಹೇಳಿ.”

ಸಿಂಧು ಒಂದು ಗಾಜಿನ ನಳಿಗೆಯನ್ನು ಬೆಳಕಿಗೆ ಹಿಡಿದಳು. ಕೆಳಗೆ ಬಾವಿ ನೀರು, ಮೇಲೆ ಹೊಳೆಯುವ ಹಳದಿ ಪದರ.

“ನೀರಿಗೆ ಹೆಕ್ಸೇನ್ ಅಂತ ಬಣ್ಣ ಹೀರ್ಕೊಳ್ಳೋ ದ್ರಾವಕ ಹಾಕಿ ಕುಲುಕಿದೆ. ಈ ಬಣ್ಣ ಚೆಂಡು ಹೂವಿಂದು. ಬಣ್ಣ ತೆಗೆಯೋ ಕಾರ್ಖಾನೆಗಳು ಹೂವನ್ನ ಗಾಳಿಯಾಡದ ಗುಂಡಿಲಿ ತುಳಿದು ಮುಚ್ಚಿಡ್ತವೆ. ಹಿಟ್ಟು ಹುಳಿ ಬರಿಸೋ ಥರದ ಬ್ಯಾಕ್ಟೀರಿಯಾನೇ ಅಲ್ಲೂ ಹುಳಿ ಮಾಡೋದು. ಹುಳಿ ಇದ್ರೆ ಹೂ ಕೊಳೆಯಲ್ಲ. ಆದ್ರೆ ಗುಂಡಿಯಿಂದ ಒಂದು ರಸ ಇಳಿಯುತ್ತೆ. ಚರಂಡಿ ನೀರಿಗಿಂತ ಎಷ್ಟೋ ಪಟ್ಟು ಕೆಟ್ಟದ್ದು.”

“ಅದು ಬಾವಿಗೆ ಸೇರಿದ್ರೆ?”

“ನೀರಲ್ಲಿರೋ ಆಮ್ಲಜನಕವನ್ನೆಲ್ಲ ತಿಂದು ಹಾಕುತ್ತೆ. ಆಮೇಲೆ ಗಾಳಿ ಬೇಡದ ಇನ್ನೊಂದು ಜಾತಿ ಬ್ಯಾಕ್ಟೀರಿಯಾ ಹುಟ್ಕೊಂಡು, ನೀರಲ್ಲಿರೋ ಗಂಧಕದ ಲವಣದಿಂದ ಅನಿಲ ಮಾಡ್ತವೆ. ಬೆಳ್ಳಿ ಕಪ್ಪಾಗೋದು ಅದಕ್ಕೆ. ಜಾಸ್ತಿ ಇದ್ರೆ ಎರಡು ಉಸಿರಿಗೆ ಮನುಷ್ಯ ಬಿದ್ದು ಹೋಗ್ತಾನೆ.”

ಹಂಗಳದಿಂದ ಐದು ಕಿಲೋಮೀಟರ್ ದೂರದಲ್ಲಿ ಅಂಥ ಕಾರ್ಖಾನೆ ಒಂದೇ ಒಂದಿತ್ತು: ಹೊಂಬಣ್ಣ ಎಕ್ಸ್‌ಟ್ರಾಕ್ಟ್ಸ್.

ಬುಧವಾರ ಬೆಳಿಗ್ಗೆ 10.30ಕ್ಕೆ ಜೀಪು ಅಲ್ಲಿಗೆ ಹೋದಾಗ ಗೇಟಿನಾಚೆ ಹೂವಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಒಬ್ಬ ರೈತ ಇಳಿದು ಬಂದ. “ಮೇಡಮ್ಮೋರೆ, ಫ್ಯಾಕ್ಟ್ರಿ ಮುಚ್ಚುಸ್ಬುಟ್ಟೀರಾ? ಕಿತ್ತ ಹೂವ ಎರಡ್ ದಿನ ಇರಲ್ಲ.”

“ಮುಚ್ಚಿಸೋಕೆ ಬಂದಿಲ್ಲ. ಬಾವಿಗೆ ಸುರಿದವರು ಯಾರು ಅಂತ ಹುಡುಕೋಕೆ ಬಂದಿದೀನಿ.”

ಕೊಳಚೆ ಶುದ್ಧೀಕರಣ ಘಟಕದ ಉಸ್ತುವಾರಿ ಸೋಮೇಶ್ ಮೂವತ್ನಾಲ್ಕರ ಮನುಷ್ಯ. ಹಣೆಯ ಮೇಲೆ ತೆಳುವಾದ ವಿಭೂತಿ, ಇಸ್ತ್ರಿ ಮಾಡಿದ ಅಂಗಿ. ಎಂ.ಎಸ್ಸಿ. ಮಾಡಿಕೊಂಡವನು. ಆಫೀಸಿನ ಗೋಡೆಯ ಮೇಲೆ ಅವನು ಫಲಕ ಸ್ವೀಕರಿಸುತ್ತಿರುವ ಫೋಟೊ ಇತ್ತು. ಹೂವಿನ ರಸಕ್ಕೆ ಸುಣ್ಣ ಹಾಕಿ ಹುಳಿ ಮುರಿದು ದೊಡ್ಡ ತೊಟ್ಟಿಗೆ ಬಿಡುತ್ತೇವೆ, ತೊಟ್ಟಿಯಲ್ಲಿರುವ ಜೀವಿಗಳು ಕೊಳೆಯನ್ನು ತಿಂದು ನೀರನ್ನು ತಿಳಿಯಾಗಿಸುತ್ತವೆ ಎಂದು ಅವನು ನಿಧಾನವಾಗಿ ವಿವರಿಸಿದ. ತೊಟ್ಟಿಯ ನೀರಿನ ದಿನದಿನದ ಅಂಕಿ ಬರೆಯುವ ರಿಜಿಸ್ಟರ್ ತಂದಿಟ್ಟ.

“ಇವತ್ತಿನದು ಬರೆದಾಯ್ತಾ?”

“ಬೆಳಿಗ್ಗೆ ಎಂಟಕ್ಕೇ ಬರೆದಿದೀನಿ ಮೇಡಂ. ಎಲ್ಲ ಸರಿಯಾಗಿದೆ.”

“ಹೊರಗಡೆ ಎಲ್ಲಾದರೂ ರಸ ಸಾಗಿಸ್ತೀರಾ?”

“ಇಲ್ಲ. ಒಂದು ತೊಟ್ಟೂ ಹೋಗಲ್ಲ.”

ಸಿಂಧು ಸೂಕ್ಷ್ಮದರ್ಶಕವನ್ನು ತೊಟ್ಟಿಯ ಕಟ್ಟೆಯ ಮೇಲೇ ಇಟ್ಟಳು. ಒಂದು ಹನಿ ತೆಗೆದು ನೋಡಿದಳು. ಇನ್ನೊಂದು ಹನಿ. ಮೂರನೆಯದು. ಆಮೇಲೆ ಸರಿದು ಕಾವ್ಯಶ್ರೀಗೆ ಜಾಗ ಬಿಟ್ಟಳು.

“ಏನು ಕಾಣ್ತಿದೆ?”

“ಬೂದಿ ಥರ ಏನೋ.”

“ಏನಾದರೂ ಅಲ್ಲಾಡ್ತಿದೆಯಾ?”

“ಇಲ್ಲ.”

“ಚೆನ್ನಾಗಿರೋ ತೊಟ್ಟಿಯಾಗಿದ್ರೆ ಸಂತೆ ಥರ ಇರಬೇಕಿತ್ತು. ಸಣ್ಣ ಕಾಂಡದ ಮೇಲೆ ಗಂಟೆಯಾಕಾರದ ಜೀವಿಗಳು ನಿಂತು ನೀರು ಕಡೀತಿರಬೇಕಿತ್ತು. ಇದು ಸತ್ತ ತೊಟ್ಟಿ. ಸತ್ತು ಎರಡು ಮೂರು ವಾರ ಆಗಿರಬೇಕು.”

ಸೋಮೇಶ್ ತೊಟ್ಟಿಯ ಕಡೆ ನೋಡಲೇ ಇಲ್ಲ. “ಸ್ಯಾಂಪಲ್ ಸರಿಯಾಗಿ ತೆಗೆದಿಲ್ಲ” ಎಂದ.

ಕಾವ್ಯಶ್ರೀ ರಿಜಿಸ್ಟರನ್ನು ಹಿಂದಕ್ಕೆ ತಿರುವುತ್ತಾ ಹೋದಳು. ಆಗಸ್ಟ್ 19ರವರೆಗೆ ಅಂಕಿಗಳು ದಿನಕ್ಕೊಂದು ಥರ ಏರಿಳಿದಿದ್ದವು; ಒಂದೊಂದು ಕಡೆ ಕಾಟು ಹಾಕಿ ತಿದ್ದಿದ್ದರು. ಇಪ್ಪತ್ತರಿಂದ ಈಚೆಗೆ ಒಂದೇ ಪೆನ್ನು, ಒಂದು ತಪ್ಪಿಲ್ಲ. ರಿಜಿಸ್ಟರನ್ನು ಜಪ್ತಿ ಮಾಡಿದಳು. ಆದರೆ ಅವಳಿಗೆ ಇನ್ನೂ ಒಂದು ಕೊಂಡಿ ಬೇಕಿತ್ತು. ತೊಟ್ಟಿ ಸತ್ತಿದ್ದರೆ ರಸ ಹೋಗಿದ್ದು ಎಲ್ಲಿಗೆ?

ಆ ಕೊಂಡಿ ತಂದವನು ಕಾನ್‌ಸ್ಟೆಬಲ್ ಶಿವಸ್ವಾಮಿ. ಹಂಗಳದವನೇ ಆದ್ದರಿಂದ ಅವನು ಯಾರನ್ನೂ ಠಾಣೆಗೆ ಕರೆಯಲಿಲ್ಲ. ಬಸ್‌ಸ್ಟಾಪಿನ ಟೀ ಅಂಗಡಿಯಲ್ಲಿ ಕೂತ. ಮೂರನೇ ಟೀ ಹೊತ್ತಿಗೆ, ಮಳೆ ಬಿದ್ದು ಹೊಲ ಹಸಿಯಾಗಿರುವಾಗಲೂ ದಿನಾ ಒಂದು ನೀರಿನ ಟ್ಯಾಂಕರ್ ದೊಡ್ಡಮಲ್ಲಪ್ಪನವರ ಜಮೀನಿಗೆ ಹೋಗುತ್ತಿದೆ ಎಂಬ ಮಾತು ಬಂತು. ಡ್ರೈವರ್ ಸಾಗರ್‌ನನ್ನು ಅಲ್ಲೇ ತಡೆದ.

“ಏನ್ಲಾ, ಮಳೆಗಾಲ್ದಲ್ಲಿ ಯಾರ್ಗ್ಲಾ ನೀರು?”

“ನೀರಲ್ಲ ಕಣಣ್ಣ, ಗೊಬ್ರದ್ ನೀರಂತೆ. ಫ್ಯಾಕ್ಟ್ರಿ ಇಂದ್ಗಡೆ ಗೇಟಿಂದ ತುಂಬ್ಕತೀನಿ. ಸೋಮೇಶಣ್ಣ ಏಳವ್ರೆ.”

“ಎಲ್ಗೆ ಬುಡ್ತೀಯ?”

“ಅವ್ರ ಪಾಳ್‌ಬಾವಿಗೆ.”

“ಯಾವತ್ತಿಂದ?”

“ಆಗಸ್ಟು ಇಪ್ಪತ್ತೊಂದ್ರಿಂದ. ಯಾಕಣ್ಣ, ಏನಾಯ್ತು?”

ದೊಡ್ಡಮಲ್ಲಪ್ಪ ಸೋಮೇಶನ ತಂದೆ. ಅವರ ಪಾಳುಬಾವಿಗೂ ಲಿಂಗಯ್ಯನ ಬಾವಿಗೂ ನಡುವೆ ಎಪ್ಪತ್ತು ಹೆಜ್ಜೆ, ಒಂದು ಬದು.

ಗುರುವಾರ ಬೆಳಿಗ್ಗೆ 8.30ಕ್ಕೆ ಪೊಲೀಸರು ಬಂದಾಗ ಆ ಹಿರಿಯರು ಜಗಲಿಯ ಮೇಲೆ ಕೂತಿದ್ದರು. ಎದ್ದು ನಿಂತು ಕೈಮುಗಿದರು.

“ಬನ್ನಿ ಅವ್ವ, ಕೂತ್ಕಳಿ. ಲಿಂಗಯ್ಯ ಎಂಗವ್ನೆ? ನೆನ್ನೆ ಆಸ್ಪತ್ರೆಗೋಗಿದ್ದೆ, ಒಳಕ್ಕೆ ಬುಡ್ಲಿಲ್ಲ.”

“ಹಾಗೇ ಇದಾನೆ. ಯಜಮಾನರೇ, ನಿಮ್ಮ ಪಾಳುಬಾವಿಗೆ ಟ್ಯಾಂಕರ್ ಬರುತ್ತಾ?”

“ಬತ್ತದೆ. ಮಗ ಕಳುಸ್ತಾನೆ. ಮಣ್ಗೆ ಒಳ್ಳೇದಂತೆ, ಒಂದ್ ತಿಂಗ್ಳು ಅಂಗೇ ಕೊಳೀಬೇಕಂತೆ.”

“ಬಾವಿ ಮೇಲೆ ಮುಳ್ಳು ಹಾಕಿದ್ದು ಯಾರು?”

“ನಾನೇಯ. ಮಗ ಏಳ್ದ, ‘ಅಪ್ಪ, ಅದ್ರ ತಕ್ಕೆ ಯಾರೂ ಓಗ್ಬ್ಯಾಡಿ, ಬಗ್ಗಿ ನೋಡ್ಬ್ಯಾಡಿ, ಅದ್ರ ಗಾಳಿ ಕೆಟ್ದು’ ಅಂತ.” ಮಾತು ಮುಗಿಯುವ ಹೊತ್ತಿಗೆ ಅವರ ದನಿ ಇಳಿದಿತ್ತು. ಬದುವಿನಾಚೆಯ ಬಾವಿಯ ಕಡೆ ನೋಡಿದರು. ನಿಂತಿದ್ದವರು ಮತ್ತೆ ಜಗಲಿಯ ಮೇಲೆ ಕೂತರು. “ಅವ್ವ, ನಾನು ಈಗ್ತಾನೆ ಏನೇಳ್ದೆ?”

ಗುರುಪಾದಸ್ವಾಮಿ ಒಳಗೆ ಕೇಳಿ ಒಂದು ಚೊಂಬು ನೀರು ತರಿಸಿ ಅವರ ಕೈಗಿತ್ತರು. ಹೇಳಿಕೆ ಬದಲಿಸುವಿರಾ ಎಂದು ಯಾರೂ ಕೇಳಲಿಲ್ಲ. ಅವರೂ ಬದಲಿಸಲಿಲ್ಲ. ಕನ್ನಡಕ ಹಾಕಿಕೊಂಡು, ಪೂರ್ತಿ ಓದಿ, ಸಹಿ ಹಾಕಿದರು.

ಈ ಬಾವಿಯ ರಸ ಆ ಬಾವಿಗೆ ಹೋಗಿದೆ ಎಂದು ಪಂಚರ ಎದುರು ತೋರಿಸಬೇಕಿತ್ತು. ಬೆಳಿಗ್ಗೆ 11ಕ್ಕೆ ಸಿಂಧು ಅಪಾಯವಿಲ್ಲದ ಒಂದು ಹಸಿರು ಬಣ್ಣವನ್ನು ಪಾಳುಬಾವಿಗೆ ಸುರಿದಳು. ಶಿವಸ್ವಾಮಿಯೂ ಗುರುಪಾದಸ್ವಾಮಿಯೂ ಸರದಿಯ ಮೇಲೆ ಲಿಂಗಯ್ಯನ ಬಾವಿಯ ಬಳಿ, ಗಾಳಿ ಬರುವ ದಿಕ್ಕಿಗೆ ದೂರ ಕೂತು, ಗಂಟೆಗೊಮ್ಮೆ ಬಾಟಲಿ ಇಳಿಸಿ ನೀರೆತ್ತಿದರು. ಬಾಟಲಿಗೊಂದು ಚೀಟಿ, ಚೀಟಿಗೊಂದು ಸಮಯ. ಇಪ್ಪತ್ತೆಂಟು ಬಾಟಲಿಗಳಲ್ಲಿ ಏನೂ ಇರಲಿಲ್ಲ. ಮೇಲಧಿಕಾರಿಯ ಫೋನ್ ಎರಡು ಸಲ ಬಂತು: ಬಣ್ಣ ಬರದಿದ್ದರೇನು ಮಾಡ್ತೀರಿ? “ಇನ್ನೂ ಕಾಯ್ತೀನಿ ಸರ್” ಎಂದಳು ಕಾವ್ಯಶ್ರೀ. ಶುಕ್ರವಾರ ಮಧ್ಯಾಹ್ನ 4 ಗಂಟೆಗೆ ಎತ್ತಿದ ಇಪ್ಪತ್ತೊಂಬತ್ತನೆಯ ಬಾಟಲಿಯನ್ನು ಸಿಂಧು ದೀಪದ ಕೆಳಗೆ ಹಿಡಿದಾಗ ನೀರು ಎಳೆಯ ಹುಲ್ಲಿನಂತೆ ಹೊಳೆಯಿತು. ಪಂಚರು ನೋಡಿದರು, ಸಹಿ ಮಾಡಿದರು.

ಶನಿವಾರ, ಸೆಪ್ಟೆಂಬರ್ 16, ಬೆಳಿಗ್ಗೆ 9.10. ಸೋಮೇಶ್ ತೊಟ್ಟಿಯ ಕಟ್ಟೆಯ ಮೇಲಿದ್ದ. ಪ್ಯಾಂಟು ಮಡಚಿಕೊಂಡು, ಬಕೆಟ್ಟಿನಲ್ಲಿ ಸಗಣಿ ಕದಡಿ ತೊಟ್ಟಿಗೆ ಹುಯ್ಯುತ್ತಿದ್ದ. ಪಕ್ಕದಲ್ಲಿ ಬೆಲ್ಲದ ಅಚ್ಚುಗಳಿದ್ದವು.

“ಇದ್ಯಾಕೆ?” ಕಾವ್ಯಶ್ರೀ ಕೇಳಿದಳು.

“ಜೀವ ಬರಬೇಕಲ್ಲ ಮೇಡಂ. ಮೊದಲನೇ ಸಲ ನಾನೇ ಹೀಗೇ ಬೆಳೆಸಿದ್ದು. ನಮ್ಮ ಕೊಟ್ಟಿಗೆಯ ಸಗಣಿ.” ಬಕೆಟ್ಟನ್ನು ಕೆಳಗಿಟ್ಟ. “ಅಪ್ಪ ಹೇಳಿದ್ರು, ನೀವು ಬರ್ತೀರಿ ಅಂತ.”

“ಹೇಗೆ ಸತ್ತುಹೋಯ್ತು?”

“ಆಗಸ್ಟ್ ಹತ್ತೊಂಬತ್ತು. ಮಗಳ ಕಿವಿ ಚುಚ್ಚಿಸೋ ಶಾಸ್ತ್ರ ಇತ್ತು. ಅವಸರದಲ್ಲಿ ಸುಣ್ಣದ ಪಂಪು ಹಾಕೋದು ಮರೆತು ಹೋದೆ. ಇಡೀ ದಿನ ಹಸಿ ಹುಳಿ ಹರಿದಿದೆ. ಮಾರನೇ ದಿನ ಬಂದು ನೋಡಿದ್ರೆ ಒಂದೂ ಅಲ್ಲಾಡ್ತಿರಲಿಲ್ಲ.”

“ಮ್ಯಾನೇಜರ್‌ಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಇಪ್ಪತ್ತೈದು ದಿನ ಹೂ ತಗೊಳ್ಳೋ ಹಾಗಿಲ್ಲ. ಊರಿನೋರೆಲ್ಲ ಗೇಟಲ್ಲಿ ನಿಂತಿರ್ತಾರೆ. ಯಾಕೆ ಅಂತ ಕೇಳಿದ್ರೆ... ಅಷ್ಟರೊಳಗೆ ಚಿಗುರುತ್ತೆ ಅಂದ್ಕೊಂಡೆ.”

“ಆ ಗಾಳಿಗೆ ಮನುಷ್ಯ ಬೀಳ್ತಾನೆ ಅಂತ ಗೊತ್ತಿತ್ತಲ್ಲ?”

ಅವನು ತಲೆಯಾಡಿಸಿದ. “ಗೊತ್ತಿತ್ತು. ನಮ್ಮ ಬಾವಿಗೆ ಮುಳ್ಳು ಹಾಕಿಸಿದ್ದೆ. ಬಂಡೆ ಸೀಳಲ್ಲಿ ಅತ್ತಗೆ ಹೋಗುತ್ತೆ ಅಂತ ಹೊಳೀಲಿಲ್ಲ. ಲಿಂಗಯ್ಯ ಮಾತಾಡಿದ್ನಾ?”

“ನೆನ್ನೆ ಕಣ್ಣು ಬಿಟ್ಟ. ಹೆಂಡತಿ ಗುರುತು ಸಿಕ್ತು. ಮಕ್ಕಳ ಹೆಸರು ಇನ್ನೂ ಬಾಯಿಗೆ ಬಂದಿಲ್ಲ.”

ದಸ್ತಗಿರಿ ಜ್ಞಾಪನಕ್ಕೆ ಅವನು ಸಹಿ ಹಾಕಿದ. ಅಪಾಯ ತಿಳಿದೂ ಸುರಿದಿದ್ದಕ್ಕೆ ಕಲಂ 308, ಅಂದರೆ ಕೊಲೆಯಲ್ಲದ ನರಹತ್ಯೆಯ ಯತ್ನ, ಸೇರಿಸಲು ನ್ಯಾಯಾಲಯಕ್ಕೆ ಮನವಿ ಹೋಯಿತು. ಮಾಲಿನ್ಯ ನಿಯಂತ್ರಣ ಮಂಡಳಿಗೂ ವರದಿ ಹೋಯಿತು. ಸೋಮವಾರದಿಂದ ಹಿಂದಿನ ಗೇಟಿಗೆ ಬೀಗ ಬಿತ್ತು. ಎರಡೂ ಬಾವಿಗಳನ್ನು ಖಾಲಿ ಮಾಡಿಸಿ ತೊಳೆಸುವುದೆಂದು ಕಾರ್ಖಾನೆಯವರು ಬರೆದುಕೊಟ್ಟರು.

ದಸ್ತಗಿರಿಯಾದ ದಿನವೇ ಮಧ್ಯಾಹ್ನ ಠಾಣೆಯಲ್ಲಿ ಗುರುಪಾದಸ್ವಾಮಿ ಆರೋಪಿಯ ಮೊಬೈಲಿನ ಮಹಜರು ಬರೆಯುತ್ತಿದ್ದರು. ಕರೆಗಳ ಪಟ್ಟಿ ಮುಗಿಸಿ ಇಮೇಲ್ ತೆರೆದವರು ಮೊಬೈಲನ್ನು ಕಾವ್ಯಶ್ರೀಯ ಕಡೆ ತಿರುಗಿಸಿದರು. “ಮೇಡಂ, ಇದೊಂದು ನೋಡಿ.”

ಮ್ಯಾನೇಜರಿಗೆ ಬರೆದ ಪತ್ರ. ಆಗಸ್ಟ್ 20, ಬೆಳಿಗ್ಗೆ 7.12. ‘ಸರ್, ತೊಟ್ಟಿ ಸತ್ತಿದೆ. ತಪ್ಪು ನನ್ನದೇ. ದಯವಿಟ್ಟು ಇಪ್ಪತ್ತೈದು ದಿನ ಹೂ ತೆಗೆದುಕೊಳ್ಳಬೇಡಿ.’ ಕಳಿಸಿರಲಿಲ್ಲ. ಬರೆದಿಟ್ಟ ಕರಡುಗಳ ನಡುವೆ ಉಳಿದುಬಿಟ್ಟಿತ್ತು.

“ಒಂದು ಒತ್ತು ಒತ್ತಿದ್ರೆ ಆಗ್ತಿತ್ತಲ್ಲ ಮೇಡಂ” ಎಂದರು ಗುರುಪಾದಸ್ವಾಮಿ.

ಕಾವ್ಯಶ್ರೀ ಆ ಮೂರು ಸಾಲನ್ನು ಮತ್ತೊಮ್ಮೆ ಓದಿದಳು. “ಪದ ಬಿಡದ ಹಾಗೆ ಬರ್ಕೊಳ್ಳಿ” ಎಂದಳು. “ಸಮಯಾನೂ ಹಾಕಿ.”